ಓಣಿ ದಾಟಿದ್ದಕ್ಕೆ ತೆರಿಗೆ

ನನ್ನ ಅಕ್ಕನ ಜೊತೆ ಏಗುವುದು ಸುಲಭವಲ್ಲ. ಜಗಳಗಂಟಿಯಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು, ಅವಳು ನ್ಯಾಯವಂತೆ. ಚಿಕ್ಕಂದಿನಲ್ಲಿ ಒಂದು ಹಣ್ಣನ್ನು ಇಬ್ಬರಿಗೆ ಹೆಚ್ಚಿದರೆ, "ಚಾಕು ನನ್ನ ಕೈಲಿತ್ತಲ್ಲ" ಎಂದು ಸಣ್ಣ ಹೋಳನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ನಾನು ದೊಡ್ಡದನ್ನು ಖುಷಿಯಾಗಿ ತಿನ್ನುತ್ತಿದ್ದೆ. ಆಗಲೇ ಬುದ್ಧಿ ಹೇಳಬೇಕಿತ್ತು.

ಈಗ ಅವಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಭಾವ ಓಡಿಸುತ್ತಿದ್ದ ವ್ಯಾನ್ ಅದು; ಅವರ ಬೆನ್ನು ಕೈಕೊಟ್ಟ ಮೇಲೆ ಸ್ಟೇರಿಂಗ್ ಇವಳ ಕೈಗೆ ಬಂತು. ಓಣಿಯ ಮಕ್ಕಳು ವ್ಯಾನಕ್ಕ ಎನ್ನುತ್ತಾರೆ, ಅವರ ಅಪ್ಪ ಅಮ್ಮಂದಿರಿಗೂ ಅವಳು ವ್ಯಾನಕ್ಕನೇ. ಯಾವ ಮಗುವಿಗೆ ಕಿಟಕಿ ಪಕ್ಕ ಕೂರದಿದ್ದರೆ ವಾಂತಿ ಬರುತ್ತದೆ, ಯಾವ ಇಬ್ಬರನ್ನು ಒಂದೇ ಸೀಟಿನಲ್ಲಿ ಕೂರಿಸಿದರೆ ಕೂದಲು ಕಿತ್ತುಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತು. ನಮ್ಮ ಮೂವರ ಮನೆ ನಡೆಯುವುದು ಆ ವ್ಯಾನಿನಿಂದಲೇ.

ಎಡವಟ್ಟಾದದ್ದು ರಸ್ತೆಯಿಂದ. ನಮ್ಮ ಓಣಿ ಹೊಂಡಬಿದ್ದು ಹೋಗಿತ್ತು. ಪುರಸಭೆಯವರು, ಇದು ಖಾಸಗಿ ಓಣಿ, ನೀವೇ ನೋಡಿಕೊಳ್ಳಿ ಎಂದು ಕೈತೊಳೆದುಕೊಂಡರು. ಓಣಿಯ ಸಂಘ ಸಭೆ ಕರೆಯಿತು. ಗಾಡಿಯವರಿಂದ ರಸ್ತೆ ತೆರಿಗೆ ಎತ್ತುವುದೆಂದು ಎಲ್ಲರೂ ಒಪ್ಪಿದರು. ಹೇಗೆ ಎತ್ತಿದರೆ ನ್ಯಾಯ ಎನ್ನುವಲ್ಲಿಗೆ ಬಂತು ನೋಡಿ, ಕುರ್ಚಿ ಎಳೆದಾಡುವ ಸದ್ದು.

"ಭಾರದ ಗಾಡಿನೇ ರಸ್ತೆ ಕೆಡ್ಸೋದು, ತೂಕದ ಮೇಲೆ ಹಾಕಿ" ಎಂದರು ಬೈಕಿನ ಮೇಷ್ಟ್ರು.

"ಏನ್ರೀ ತೂಕ! ಯಾರು ಜಾಸ್ತಿ ಓಡಾಡ್ತಾರೋ ಅವ್ರು ಜಾಸ್ತಿ ಕೊಡ್ಲಿ" ಎಂದರು ದೊಡ್ಡ ಕಾರಿನ ಸಾಹೇಬರು. ಅವರ ಕಾರು ಹೊದಿಕೆಯಿಂದ ಆಚೆ ಬರುವುದು ವಾರಕ್ಕೊಮ್ಮೆ.

"ನಂಗೆ ಗಾಡೀನೇ ಇಲ್ಲ, ನನ್ ತಂಟೆಗೆ ಬರಬೇಡಿ" ಎಂದಳು ಕೊನೆಮನೆ ಅಜ್ಜಿ.

"ನಿಮ್ಮನೆ ಗ್ಯಾಸ್ ಸಿಲಿಂಡರ್ ಹಾರ್ಕೊಂಡು ಬರುತ್ತಾ ಅಜ್ಜಿ?" ಎಂದೆ ನಾನು. ತಡೆಯಲಾಗಲಿಲ್ಲ. ಪ್ರತಿಯೊಬ್ಬರ ನ್ಯಾಯವೂ ಅವರವರ ಗಾಡಿಯ ಅಳತೆಗೇ ಹೊಲಿಸಿದ ಹಾಗಿತ್ತು.

ಆಗ ಅಕ್ಕ ಎದ್ದು ನಿಂತಳು. ನಾನು ಸೆರಗು ಜಗ್ಗಿದೆ. ಕೇಳಿದರೆ ತಾನೆ!

"ಉಪಯೋಗಿಸೋರು ಕೊಡೋದೇ ಸರಿ. ಸಾಹೇಬ್ರು ಹೇಳಿದ್ರಲ್ಲಿ ತಪ್ಪಿಲ್ಲ" ಎಂದಳು.

ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡುವ ಗಾಡಿ ಅವಳದೇ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದೆಂದರೆ ಇದು. ಸಾಹೇಬರು ಚಪ್ಪಾಳೆ ತಟ್ಟಿದರು.

ಓಣಿಯ ಬಾಯಿಗೆ ಅಡ್ಡಗೋಲು ಬಂತು. ಪ್ರತಿ ಸಲ ದಾಟಿದರೂ ದುಡ್ಡು, ಹೋದರೂ, ಬಂದರೂ. ಕಾವಲಿಗೆ ಕೂತವರು ಓಣಿಗೆಲ್ಲ ತೂಕದ ಮಾವ ಎನಿಸಿಕೊಂಡವರು. ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗಳ ಮದುವೆಯ ಸಾಮಾನು ತಂದ ಲಾರಿಯನ್ನೂ ತೂಗದೆ ಬಿಟ್ಟವರಲ್ಲ. ಇತ್ತ ಅಕ್ಕ, ಅತ್ತ ಮಾವ; ಇಬ್ಬರು ನ್ಯಾಯವಂತರ ನಡುವೆ ಸಿಕ್ಕಿ ಹಾಕಿಕೊಂಡವರ ಪಾಡು ದೇವರಿಗೇ ಪ್ರೀತಿ.

ಅಕ್ಕ ಬೆಳಿಗ್ಗೆ ಹೋಗಿ, ಬಂದು, ಮಧ್ಯಾಹ್ನ ಚಿಕ್ಕವರಿಗಾಗಿ ಹೋಗಿ, ಬಂದು, ಸಂಜೆ ದೊಡ್ಡವರಿಗಾಗಿ ಮತ್ತೆ ಹೋಗಿ ಬರುತ್ತಿದ್ದಳು. ಪ್ರತಿ ಸಲವೂ ಗಾಜು ಇಳಿಸಿ ದುಡ್ಡು ಕೊಡುತ್ತಿದ್ದಳು, ಮಾವ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ಡೀಸೆಲ್‌ಗೆ ಸಾಲದಾಯಿತು. ಮಕ್ಕಳ ಶುಲ್ಕ ಸ್ವಲ್ಪ ಏರಿಸುತ್ತೇನೆಂದು ಮನೆಮನೆಗೆ ಹೋಗಿ ಕೇಳಿದಳು. "ತೆರಿಗೆ ನಿಮ್ಮ ಗಾಡಿದು, ನಾವ್ಯಾಕೆ ಕೊಡೋಣ?" ಎಂದರು. ಭಾವ ಮಂಚದ ಮೇಲಿಂದಲೇ, "ಮಾರಿಬಿಡು ಮಾರಾಯ್ತಿ" ಎಂದರು. ಆ ರಾತ್ರಿ ಅಕ್ಕನಿಗೆ ಅನ್ನ ಇಳಿಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಅವಳು ವ್ಯಾನನ್ನು ಹೊರಗೆ ಮುಖ್ಯರಸ್ತೆಯಲ್ಲೇ ನಿಲ್ಲಿಸತೊಡಗಿದಳು. ಮಕ್ಕಳು ಅಲ್ಲಿಗೇ ನಡೆದು ಬರಬೇಕು. ಒಬ್ಬಳು ಮಾತ್ರ ಬರಲಾರಳು: ತೂಕದ ಮಾವನ ಮೊಮ್ಮಗಳು, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಗೋಡೆ ಹಿಡಿದು ನಡೆಯುವ ಹುಡುಗಿ. ಅವಳೊಬ್ಬಳಿಗಾಗಿ ಅಕ್ಕ ಓಣಿಯೊಳಗೆ ಹೋಗುವಳು, ದುಡ್ಡು ಕೊಡುವಳು. ಹುಡುಗಿಯನ್ನು ಕೂರಿಸಿಕೊಂಡು ಹೊರಗೆ ಬರುವಳು, ಮತ್ತೆ ಕೊಡುವಳು. ಮಾವ ತಲೆ ತಗ್ಗಿಸಿಕೊಂಡೇ ಡಬ್ಬಿ ಚಾಚುವರು. ಬಿಟ್ಟುಬಿಡಿ ಎಂದು ಇವಳು ಕೇಳಲಿಲ್ಲ, ಹೋಗಮ್ಮಾ ಎಂದು ಅವರು ಹೇಳಲಿಲ್ಲ. ನಾನು ತಲೆ ಚಚ್ಚಿಕೊಂಡೆ.

ಒಂದು ಬೆಳಿಗ್ಗೆ ಅಕ್ಕ ವ್ಯಾನನ್ನು ಓಣಿಗೆ ತಿರುಗಿಸುವಷ್ಟರಲ್ಲಿ ಮಾವ ಎದುರಿಗೆ ಬಂದರು. ಬೆನ್ನ ಮೇಲೆ ಮೊಮ್ಮಗಳು, ಕುತ್ತಿಗೆಗೆ ಅವಳ ಚೀಲ.

"ಇನ್ಮೇಲೆ ಒಳಗೆ ಬರಬೇಡಮ್ಮಾ. ನಮ್ ಕೂಸಿಗೆ ನೀನ್ಯಾಕೆ ದಂಡ ತೆರಬೇಕು" ಎಂದರು ಏದುಸಿರು ಬಿಡುತ್ತ.

ಅಕ್ಕ ದಡಕ್ಕನೆ ಕೆಳಗಿಳಿದಳು. ಅವಳು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಳ್ಸಿ ಅವಳನ್ನ! ಇಷ್ಟು ದಿನ ಗಾಡಿ ದಾಟಿತು ದಾಟಿತು ಅಂತ ದುಡ್ಡು ಇಸ್ಕೊಂಡ್ರಲ್ಲ ಮಾವ, ಒಳಗೆ ಯಾರಿದ್ರು ಅಂತ ಒಂದು ಸಲ ಆದ್ರೂ ನೋಡಿದ್ರಾ? ನನ್ ಮಕ್ಳು ಒಬ್ರಾದ್ರೂ ಇದಾರಾ ಇದ್ರಲ್ಲಿ? ದಾಟೋರು ಓಣಿಯವ್ರು, ತೆರಿಗೆ ನನ್ನೊಬ್ಳಿಗಾ? ನಾನೂ ಪೆದ್ದಿ, ಎದ್ದು ನಿಂತು ಸರಿ ಅಂದೆ!"

ಮಾವ ಮೊಮ್ಮಗಳನ್ನು ಸೀಟಿನಲ್ಲಿ ಕೂರಿಸಿ, ಕಾಲಿನ ಪಟ್ಟಿ ಸರಿಮಾಡಿ, ಹಿಂದಕ್ಕೆ ನಡೆದರು. ಅಡ್ಡಗೋಲನ್ನು ಮೇಲಕ್ಕೆತ್ತಿ ಹಗ್ಗದಿಂದ ಬಿಗಿದು, ಡಬ್ಬಿಯನ್ನು ಸಂಘದ ಬಾಗಿಲಲ್ಲಿಟ್ಟು ಮನೆ ಸೇರಿದರು.

ಸಂಘದಲ್ಲಿ ಕೋಲಾಹಲವಾಯಿತು. ತೆರಿಗೆ ನಿಲ್ಲಬಾರದು, ನ್ಯಾಯವೆಂದರೆ ನ್ಯಾಯ ಎಂದು ಸಾಹೇಬರು ಗುಡುಗಿದರು. ಹಾಗಾದರೆ ಬಿಸಿಲಲ್ಲಿ ಕೂರುವವರು ಯಾರು ಎಂದು ಮೇಷ್ಟ್ರು ಕೇಳಿದರು. ಬೆಕ್ಕಿಗೆ ಗಂಟೆ ಕಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಕೋಲು ಮೇಲೆಯೇ ಉಳಿಯಿತು, ವ್ಯಾನ್ ಮತ್ತೆ ಮನೆಮನೆಯ ಮುಂದೆ ನಿಲ್ಲತೊಡಗಿತು. ಮಾರುವ ಮಾತನ್ನು ಭಾವ ಮತ್ತೆ ಎತ್ತಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಅಕ್ಕ! ರಜೆಯ ದಿನ ಸಂಘದವರನ್ನು ಕೇಳಿ, ಡಬ್ಬಿಯ ದುಡ್ಡಿಗೆ, ಅಂದರೆ ಮುಕ್ಕಾಲು ಪಾಲು ತನ್ನದೇ ದುಡ್ಡಿಗೆ, ಒಂದು ಗಾಡಿ ಜಲ್ಲಿ ತರಿಸಿದಳು. "ರಸ್ತೆಗೆ ಅಂತ ಎತ್ತಿದ್ದು, ರಸ್ತೆಗೇ ಹೋಗ್ಬೇಕಲ್ವಾ" ಎಂದಳು. ಹಾಳಾಗಿ ಹೋಗಲಿ ಎಂದು ನಾನೂ ಸಲಿಕೆ ಹಿಡಿದೆ. ತೂಕದ ಮಾವ ಬುಟ್ಟಿ ತುಂಬಿ ಕೊಟ್ಟರು. ಎಲ್ಲಕ್ಕಿಂತ ದೊಡ್ಡ ಹೊಂಡ ಸಾಹೇಬರ ಮನೆಯ ಮುಂದೆಯೇ ಇತ್ತು.

ಅರ್ಧ ತುಂಬಿಸುವಷ್ಟರಲ್ಲಿ ಬೆನ್ನ ಹಿಂದೆ ಹಾರನ್ ಕೇಳಿಸಿತು. ಹೊದಿಕೆ ತೆಗೆದ ದೊಡ್ಡ ಕಾರು. ಗಾಜು ಮೆಲ್ಲಗೆ ಇಳಿಯಿತು.

"ಇನ್ನೂ ಸ್ವಲ್ಪ ಎತ್ರ ಮಾಡಮ್ಮಾ" ಎಂದರು ಸಾಹೇಬರು. "ನಮ್ ಕಾರಿನ ಅಡಿ ತಾಗುತ್ತೆ."

ನನ್ನ ಕೈಯಲ್ಲಿದ್ದ ಸಲಿಕೆ ತಾನಾಗೇ ಮೇಲೆದ್ದಿತು. ಅಕ್ಕ ಅದನ್ನು ಕಸಿದುಕೊಂಡಳು.