ಅತ್ತೆಯವರು ಬಿಚ್ಚಿದ ಕೌದಿ

ರಾಮದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಇಡೀ ದೇಶದ ಆರೋಗ್ಯದ ವಿಚಾರಣೆ ನಡೆಯುತ್ತಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಒಂದು ಕಡೆ ನಮ್ಮ ಮಾವನವರು, ಸಂಸ್ಕೃತ ಕಲಿಸಿ ನಿವೃತ್ತರಾದ ಮಾಸ್ತರರು. ಇನ್ನೊಂದು ಕಡೆ ಅವರ ಗೆಳೆಯರು, ನೇಕಾರರಿಗೆ ನೂಲು ಮಾರುವ ಸಾಹುಕಾರರು. ಸಾಹುಕಾರರು ಚಪ್ಪಲಿ ಬಿಟ್ಟರೆ ಒಂದು ಯಾವಾಗಲೂ ಮಗುಚಿ ಬೀಳುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ನಾನು ಚಹಾಕ್ಕೆ ನೀರಿಡುತ್ತಿದ್ದೆ.

“ಸರಕಾರ ಬ್ಯಾಂಕ್ ತಗೊಂಡಹಂಗ ದವಾಖಾನಿನೂ ಎಲ್ಲಾ ತಗೋಬೇಕು,” ಎನ್ನುವರು ಮಾವನವರು. “ಔಷಧ ಮಾರೋದಂದ್ರ ಏನ್ರಿ ಸಾಹುಕಾರ? ನಾ ಎಂದಾದ್ರೂ ಶ್ಲೋಕಾ ಮಾರೇನೇನು?”

“ನಿಮ್ಮ ಶ್ಲೋಕಾ ಕೊಳ್ಳಾಕ ಯಾರೂ ಬರಲಿಲ್ಲ ಮಾಸ್ತರ, ಅದಕ್ಕ ಉಳದಾವು. ಮುಫತ್ ಕೊಟ್ಟ ಗುಳಿಗಿ ಮಂದಿ ನುಂಗೂದಿಲ್ಲ, ಗಟಾರಕ್ಕ ಒಗೀತಾರ. ರೊಕ್ಕ ಕೊಟ್ರನ ಔಷಧಕ್ಕ ಕಿಮ್ಮತ್ತು.” ಇಷ್ಟು ಹೇಳಿ ಅವರೇ ತಮ್ಮ ಮಾತಿಗೆ ಅಡ್ಡ ಬರುತ್ತಿದ್ದರು. “ಆದ್ರ ಈ ಪ್ರೈವೇಟ್ ಮಂದಿನೂ ಹದ್ದ ಮೀರ್ಯಾರ ಬಿಡ್ರಿ. ನಮ್ಮ ತಮ್ಮನ್ನ ಹುಬ್ಬಳ್ಳಿಗೆ ಒಯ್ದಿದ್ವಲ್ಲ, ಹೊಟ್ಟಿ ಕೊಯ್ಯೂದಕ್ಕಿಂತ ಮೊದಲ ಕಿಸೆ ಕೊಯ್ದ್ರು! ಇನ್ನ ಮ್ಯಾಲ ಆಪರೇಶನ್ ಅಂದ್ರ ಹೊಲಾ ಮಾರೂದ ಸೈ.”

ಈ ‘ಹೊಲಾ ಮಾರೂದು’ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಪಡಸಾಲೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಮಂದ ಗೋಡೆ, ಒಂದು ತೆರೆದ ಬಾಗಿಲು. ಬಾಗಿಲ ಈಚೆ ಅತ್ತೆಯವರು ಕಾಳು ಆರಿಸುತ್ತಿದ್ದರು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರುಗಳು ಬೆಳಗಿನ ಪ್ರಾರ್ಥನೆಗೆ ಮೊದಲು ನಮ್ಮ ಉಗುರು, ಗುಂಡಿ, ಲಂಗದ ಅಂಚು ಎಲ್ಲವನ್ನೂ ನೋಡುತ್ತಿದ್ದರು. ನೋಡಿಸಿಕೊಂಡು ನೋಡಿಸಿಕೊಂಡು ನಮಗೂ ನೋಡುವ ಚಟ ಅಂಟಿತ್ತು. ಆ ವರ್ಷ ಅತ್ತೆಯವರ ಕಚ್ಚೆ ಸೀರೆ ಮೊದಲಿಗಿಂತ ಬಿಗಿಯಾದದ್ದು ನನ್ನ ಕಣ್ಣಿಗೆ ಬಿತ್ತು. ಬೀಸುಕಲ್ಲಿನ ಮುಂದೆ ಕೂರುವುದನ್ನು ಬಿಟ್ಟು, “ನೀನs ಬೀಸು, ನಿನ್ನ ಹಿಟ್ಟು ಸಣ್ಣ ಬರ್ತದ” ಎಂದು ಹೊಗಳತೊಡಗಿದ್ದರು. ನನ್ನ ಹಿಟ್ಟು ಸಣ್ಣ ಬರುತ್ತಿರಲಿಲ್ಲ. ತಾಮ್ರದ ಕೊಡ ಬಾವಿಕಟ್ಟೆಯ ಮೇಲೆಯೇ ಉಳಿಯುತ್ತಿತ್ತು. ಏಳುವಾಗ ಗೋಡೆಗೆ ಕೈಕೊಟ್ಟು ಏಳುತ್ತಿದ್ದರಿಂದ ಸುಣ್ಣದ ಮೇಲೆ ಅವರ ಅಂಗೈಯ ಮಬ್ಬು ಗುರುತು ಮೂಡಿತ್ತು.

ಒಂದು ದಿನ ಆ ಗುರುತನ್ನು ತೋರಿಸಿ, “ಅತ್ಯಾ, ಏನಾಗೇದ್ರಿ?” ಎಂದೆ.

ಕಾಳಿನೊಳಗಿನ ಒಂದು ಹರಳು ಆರಿಸಿ ಒಗೆದರು. ಆಮೇಲೆ, “ಗರ್ಭಕೋಶ ಕೆಳಗ ಇಳದದ. ಹ್ವಾದ ವರ್ಷದಿಂದ,” ಎಂದರು. “ಯಾರಿಗೂ ಅನಬ್ಯಾಡ ತಂಗಿ. ಇದಕ್ಕ ಆಪರೇಶನ್ನs ಆಗಬೇಕಂತ. ಹೊರಗ ಕೂತವ್ರು ದಿನಾ ಹೇಳೂದು ನೀನೂ ಕೇಳ್ತೀಯಲ್ಲ.”

ನನ್ನ ಯಜಮಾನರು ನವಿಲುತೀರ್ಥದಲ್ಲಿ ಕಾಲುವೆ ಕೆಲಸದ ಮೇಲಿದ್ದರು, ಶನಿವಾರಕ್ಕೆ ಬರುವವರು. ಹೆತ್ತ ಮಗನಿಗೆ ಈ ಮಾತು ಹೇಗೆ ಹೇಳುವುದೆಂದು ಅತ್ತೆಯವರಿಗೂ ತಿಳಿದಿರಲಿಲ್ಲ, ನನಗೂ ತಿಳಿಯಲಿಲ್ಲ. ಆ ವಾರವೇ ಬಳೆ ಇಡಿಸಲು ಬಂದ ಬಳೆಗಾರ್ತಿಗೆ, ಯಾರದೋ ಮನೆಯ ಸಂಗತಿ ಎಂಬಂತೆ ಕೇಳಿದೆ. ಅವಳು ನನ್ನ ಮುಂಗೈ ಅಮುಕುತ್ತಲೇ ಹೇಳಿದಳು: “ಬೈಲಹೊಂಗಲಕ್ಕ ಕಳಸ್ರಿ ಅವರನ್ನ. ಅಲ್ಲೊಬ್ಬಾಕಿ ಡಾಕ್ಟರಬಾಯಿ ಅದಾಳ. ನಮ್ಮ ಸುರೇಬಾನದ ಅಕ್ಕಗ ಇದ ಆಗಿತ್ತು, ಈಗ ಕಟಗಿ ಹೊರಿ ಹೊತ್ತು ಬರತಾಳ. ಕೈಲಾದಷ್ಟು ಕೊಡ್ರಿ ಅಂತಾಳ ಆಕಿ. ಆದ್ರ ಹಳೇ ಸೀರಿ ಮಾತ್ರ ಬಿಡೂದಿಲ್ಲ, ಕೇಳೇ ಕೇಳ್ತಾಳ.”

“ಹಳೇ ಸೀರಿ? ಯಾಕ?”

“ಯಾರಿಗೆ ಗೊತ್ರಿ. ಗಂಡಗ ಭಾಂಡೆ ಕೊಳ್ಳೂ ಹುಚ್ಚೇನೋ!” ಎಂದು ನಕ್ಕಳು. ಆಗ ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಓಣಿ ಓಣಿ ಸುತ್ತುತ್ತಿದ್ದರು.

ಮರುದಿನ ಮತ್ತೆ ಚಪ್ಪಲಿ ಮಗುಚಿದ ಸದ್ದು, ಮತ್ತೆ ಹೊಲ ಮಾರುವ ಮಾತು. ನಾನು ಸೆರಗು ಸರಿಮಾಡಿಕೊಂಡು ಚಹಾ ಇಟ್ಟು, ಅಲ್ಲೇ ನಿಂತೆ. ಮಾವನವರ ಎದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ.

“ಮಾವನವರ, ನೀವು ಮಾತಾಡೂದು ಒಳಗೂ ಕೇಳಸ್ತದ್ರಿ,” ಎಂದೆ.

“ಕೇಳಸಲಿ ಬಿಡ ತಂಗಿ,” ಎಂದರು ಸಾಹುಕಾರರು. “ಒಳ್ಳೇ ವಿಚಾರನ ಐತಲ್ಲ.”

“ಒಳಗಿದ್ದವರಿಗೆ ಆಪರೇಶನ್ ಆಗಬೇಕಾಗೇದ್ರಿ.”

ಸಾಹುಕಾರರು ಕಪ್ಪಿನಿಂದ ಬಸಿಗೆ ಬಗ್ಗಿಸಿದ ಚಹಾ ಕುಡಿಯದೆ ಕೆಳಗಿಟ್ಟರು. ಮಾವನವರು ಎದ್ದು ಅಡುಗೆಮನೆಗೆ ಹೋದರು. ಊಟದ ಹೊತ್ತು ಬಿಟ್ಟು ಅವರು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಮಣೆಯನ್ನು ತಾವೇ ಎಳೆದುಕೊಂಡು ಕೂತರು.

“ಯಾಕ ಹೇಳಲಿಲ್ಲ ನೀ?”

“ನೀವು ಸುಮ್ಮನಾದ್ರಲ್ಲ ನಾ ಹೇಳೂದು,” ಎಂದರು ಅತ್ತೆಯವರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಆ ಹೊಲದಾಗ ನಿಮ್ಮ ಅವ್ವ ಹಚ್ಚಿದ ಹುಣಸೀಗಿಡ ಅದ. ನನ್ನ ಸಲುವಾಗಿ ಅದನ್ನ ಮಾರೂದು ಬ್ಯಾಡ.”

ಮಾವನವರು ಹರಿವಾಣದೊಳಗಿನ ತೊಗರಿಕಾಳನ್ನು ಸುಮ್ಮನೆ ಬೆರಳಲ್ಲಿ ಸರಿಸುತ್ತ ಕೂತರು. ಆರಿಸಿ ಬೇರೆ ಮಾಡಿದ್ದೆಲ್ಲ ಮತ್ತೆ ಕೂಡಿಹೋಯಿತು. ಅತ್ತೆಯವರು ಬೇಡ ಎನ್ನಲಿಲ್ಲ.

ಬಳೆಗಾರ್ತಿಯ ಮಾತನ್ನು ನಾನು ತಿಳಿಸಿದಾಗ ಮಾವನವರಿಗೆ ಹಳೆಯ ಸೀರೆಯ ಸಂಗತಿಯೇ ನುಂಗಲಾರದ ತುತ್ತಾಯಿತು. “ಕಲತ ಡಾಕ್ಟರಬಾಯಿ, ಉಟ್ಟ ಅರಿವಿ ಕೇಳ್ತಾಳಂದ್ರ!” ಎಂದರು. ಅತ್ತೆಯವರಿಗೂ ಒಪ್ಪಿಗೆಯಾಗಲಿಲ್ಲ. ಉಟ್ಟು ಸವೆದದ್ದನ್ನು ಮುತ್ತೈದೆಯ ಕೈಗೆ ಕೊಡುವುದುಂಟೇ? ಕೊಟ್ಟರೆ ಹೊಸದು, ಮೇಲೊಂದು ಕುಪ್ಪಸದ ಖಣ, ತೆಂಗಿನಕಾಯಿ. ಅದನ್ನು ಕೇಳಿದ ಸಾಹುಕಾರರು ಮಗ್ಗದಿಂದ ಆಗ ತಾನೇ ಇಳಿದ ಎರಡು ನೂಲಿನ ಸೀರೆಗಳನ್ನು ತಾವೇ ತಂದುಕೊಟ್ಟರು. ಶನಿವಾರ ಬಂದ ನನ್ನ ಯಜಮಾನರಿಗೆ ಮಾವನವರೇ ವಿಷಯ ತಿಳಿಸಿದರು. ಅವರು ರಜೆ ಬರೆದು ಹಾಕಿದರು. ಹಾಸಿಗೆ, ಸ್ಟೋವು, ಜೋಳದ ಹಿಟ್ಟು, ಗಂಟು ಕಟ್ಟಿಕೊಂಡು ನಾವೆಲ್ಲ ಸವದತ್ತಿಯ ಮೇಲೆ ಹಾದು ಬೈಲಹೊಂಗಲದಲ್ಲಿ ಇಳಿದೆವು.

ದವಾಖಾನೆಯೆಂದರೆ ಹಿಂದೆ ಹತ್ತಿ ತುಂಬಿಡುವ ವಖಾರವಾಗಿದ್ದ ಹಳೆಯ ಕಟ್ಟಡ. ಕಿತ್ತೂರಿನಿಂದ, ಸುತ್ತಣ ಹಳ್ಳಿಗಳಿಂದ ಬಂದ ಚಕ್ಕಡಿಗಳು ಬೇವಿನ ಗಿಡದ ಕೆಳಗೆ ನಿಂತಿದ್ದವು. ಡಾಕ್ಟರಬಾಯಿ ಗಿಡ್ಡ ಹೆಂಗಸು. ಕಣ್ಣಿನ ಚಾಳೀಸನ್ನು ಬಿಳಿಯ ಲಾಡಿಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು. ಉಗುರುಗಳನ್ನು ಎಷ್ಟು ಒಳಕ್ಕೆ ಕತ್ತರಿಸಿದ್ದರೆಂದರೆ ನಮ್ಮ ಸಿಸ್ಟರುಗಳು ಕೂಡ ಮೆಚ್ಚಬೇಕು. ಅತ್ತೆಯವರನ್ನು ಒಳಗೆ ಕರೆದೊಯ್ದು ನೋಡುವ ಮೊದಲು ತಮ್ಮ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿ.

“ನಾಳೆ ಮುಂಜಾನೆ ಮಾಡೂಣ್ರಿ ಅವ್ವಾ. ಹೆದರಬ್ಯಾಡ್ರಿ. ಅರಿವಿ ತಂದೀರೇನು?”

ಅತ್ತೆಯವರು ಹೊಸ ಸೀರೆಗಳ ಮೇಲೆ ಖಣ, ಕಾಯಿ ಇಟ್ಟು ಎರಡೂ ಕೈಯಿಂದ ಕೊಟ್ಟರು. ಡಾಕ್ಟರಬಾಯಿ ಕಾಯಿಯನ್ನು ಕಣ್ಣಿಗೊತ್ತಿಕೊಂಡರು, ಸೀರೆಯ ಅಂಚನ್ನು ಹೆಬ್ಬೆರಳಲ್ಲಿ ತಿಕ್ಕಿದರು. ಅದು ಕಾಗದದಂತೆ ಸರಸರ ಅಂದಿತು.

“ಅಯ್ಯ, ಇದು ಗಂಜಿ ಕುಡದು ಕುಂತೈತಲ್ರಿ!” ಎಂದು ನಕ್ಕು ಸೀರೆಗಳನ್ನು ತಿರುಗಿ ಕೊಟ್ಟರು. “ಇದು ರಕ್ತ ಹೀರೂದಿಲ್ಲ, ಮೈ ತರಚತೈತಿ. ನನಗ ಉಟ್ಟು ಒಗದು ಉಟ್ಟು ಒಗದು ಬೆಣ್ಣಿ ಆದ ಸೀರಿ ಬೇಕು. ಕುದಿಸಿ, ಉಗಿಯೊಳಗಿಟ್ಟು ಅದರದ್ದ ಪಟ್ಟಿ, ಅದರದ್ದ ಗಾದಿ ಮಾಡತೇನಿ. ಪ್ಯಾಟ್ಯಾಗಿನ ಗಾಜ್ ಅರಿವಿ ತಂದು ಕುಂತ್ರ ನಿಮ್ಮ ಬಿಲ್ಲು ಎಲ್ಲಿಗೆ ಹೋಗತೈತಿ ಹೇಳ್ರಿ? ಸೂಜಿಮದ್ದು, ಹೊಲಿಯೂ ದಾರ, ಇವನ್ನ ನಾ ಮನ್ಯಾಗ ಮಾಡಾಕ ಬರೂದಿಲ್ಲ, ಅದಕ್ಕ ರೊಕ್ಕ ಬೇಕ ಬೇಕು. ಉಳದಿದ್ದು ನಿಮ್ಮ ಮನ್ಯಾಗ ಐತಿ, ಅದನ್ನ ಯಾಕ ಕೊಳ್ಳೂದು?”

ಬಾಗಿಲಲ್ಲಿ ನಿಂತಿದ್ದ ಮಾವನವರು ತಡೆಯಲಾರದೆ ಕೇಳಿಯೇಬಿಟ್ಟರು. “ಡಾಕ್ಟರಬಾಯಾರ, ಔಷಧ ಮುಫತ್ ಇರಬೇಕೋ, ಫೀ ಇರಬೇಕೋ? ನಿಮ್ಮ ಅಭಿಪ್ರಾಯ ಏನು?”

“ಎಲ್ಲಾ ಮುಫತ್ ಅಂದ್ರ ನಾ ನಾಳೆ ಬಾಗಲಾ ಹಾಕಬೇಕ್ರಿ ಅಜ್ಜಾರ. ರೇಟು ಬರದು ಹಾಕಿದ್ರ ಇಂಥಾ ಅವ್ವಗೋಳು ಬಾಗಲದ ಒಳಗ ಬರೂದಿಲ್ಲ. ಸರಕಾರ ಎಂದು ಮಾಡತೈತೋ ಮಾಡಲಿ, ನಾ ಬ್ಯಾಡ ಅನ್ನೂದಿಲ್ಲ. ಅಲ್ಲೀತನಕ ಇವರ ಬ್ಯಾನಿ ಕಾಯಬೇಕಲ್ಲ.”

ಇಷ್ಟೆಲ್ಲ ಆಗುವಾಗ ಅತ್ತೆಯವರ ಮುಖ ಸಣ್ಣದಾಗಿತ್ತು. ಗಂಟಿನಲ್ಲಿದ್ದದ್ದು ಉಡಲು ಬೇಕಾದ ಎರಡೇ ಸೀರೆ. ನಮ್ಮ ಕಡೆಯ ಯಾರ ಮನೆಯಲ್ಲೂ ಹಳೆಯ ಸೀರೆ ಉಳಿಯುವುದಿಲ್ಲ. ಎಲ್ಲವೂ ಪದರ ಪದರವಾಗಿ ಹೊಲಿದು ಹೊದೆಯುವ ಕೌದಿಯೊಳಗೆ ಹೋಗುತ್ತವೆ. ಡಾಕ್ಟರಬಾಯಿ, “ಇರಲಿ ಬಿಡ್ರಿ, ಬ್ಯಾರೇದವರು ಕೊಟ್ಟಿದ್ದು ಇದ್ದಾವು, ನೀವು ಆಮ್ಯಾಲ ಕಳಸ್ರಿ” ಎಂದರು. ಅವರು ಅತ್ತ ಹೋಗುತ್ತಲೇ ಅತ್ತೆಯವರು ಎದ್ದು ಗಂಟಿಗೆ ಕೈಹಾಕಿದರು.

“ನಡಿ ತಂಗಿ, ಸಂಜಿ ಬಸ್ಸು ಸಿಗ್ತದ. ಯಾರದೋ ಮನಿ ಅರಿವಿ ಮ್ಯಾಲ ನಾ ಹ್ಯಾಂಗ ಮಲಗಲಿ? ಅಕಿ ಕೇಳಿದ್ದು ಅದೊಂದ. ಅದೂ ಕೊಡಲಿಕ್ಕೆ ಆಗಲಿಲ್ಲ.”

ನನ್ನ ಯಜಮಾನರು “ಅವ್ವಾ, ಹಟಾ ಮಾಡಬ್ಯಾಡ” ಎಂದರು. ಈ ಸಲ ಹಿಂದಕ್ಕೆ ಹೋದರೆ ಇವರು ಮತ್ತೆ ಈ ಬಾಗಿಲಿಗೆ ಬರುವವರಲ್ಲ. ಗೋಡೆಯ ಮೇಲಿನ ಅಂಗೈಯ ಗುರುತು ದಿನೇ ದಿನೇ ಕಪ್ಪಾಗುತ್ತ ಹೋಗುವುದು.

ಅತ್ತೆಯವರು ಹಾಸಿಗೆ ಸುತ್ತಲೆಂದು ಕೌದಿಯನ್ನು ಮಡಚತೊಡಗಿದರು. ಅವರ ಲಗ್ನದಲ್ಲಿ ಅವರ ತಾಯಿ ಹೊಲಿದುಕೊಟ್ಟ ಕೌದಿ ಅದು. ಮೇಲೆ ಚೌಕ ಚೌಕದ ತುಂಡುಗಳು, ಅಂಚಿಗೆ ತ್ರಿಕೋನಗಳ ಸಾಲು. ಮಡಚುತ್ತಿದ್ದ ಕೈ ನಿಂತಿತು. ಮೂಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು, ಡಾಕ್ಟರಬಾಯಿ ಮಾಡಿದ ಹಾಗೆಯೇ. ಸದ್ದೇ ಬರಲಿಲ್ಲ.

“ಇದರೊಳಗ ನಮ್ಮವ್ವನ ಸೀರಿ ಅವ,” ಎಂದರು. “ಕತ್ರಿ ಅದ ಏನು ಇಲ್ಲೆ?”

“ಅತ್ಯಾ, ಇದನ್ನ ಬ್ಯಾಡ್ರಿ,” ಎಂದೆ ನಾನು.

“ನಮ್ಮವ್ವ ಇದ್ದಿದ್ರ ತಾನs ಬಿಚ್ಚಿ ಕೊಡ್ತಿದ್ಲು,” ಎಂದು ಹಲ್ಲಿನಿಂದಲೇ ಮೊದಲ ದಾರ ಕಡಿದರು.

ಆ ಇಳಿಹೊತ್ತನ್ನು ನಾನು ಮರೆಯುವಂತಿಲ್ಲ. ದವಾಖಾನೆಯ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಅತ್ತೆಯವರು ಹೊಲಿಗೆಯ ಟಾಕು ಬಿಚ್ಚುತ್ತ ಕೂತರು. ಒಳಗಿದ್ದ ಬಾಣಂತಿಯೊಬ್ಬಳ ಜೊತೆಗೆ ಬಂದಿದ್ದ ಸಾಲಹಳ್ಳಿಯ ಮುದುಕಿಯೊಬ್ಬಳು, “ತರ್ರಿ ಇತ್ತಾಗ ಒಂದ ಬದಿ” ಎಂದು ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಹತ್ತಿಯ ಪೇಟೆಗೆಂದು ಬಂದಿದ್ದ ಸಾಹುಕಾರರು ನಮ್ಮನ್ನು ಹುಡುಕಿಕೊಂಡು ಬಂದವರು ತಮ್ಮ ಸೀರೆಯ ಗತಿ ಕೇಳಿ, “ಮಾರೂ ಮುಂದ ಗಂಜಿ ಹಚ್ಚೂದ ಕಲತೇವಿ, ಉಡೂದು ಯಾರಿಗೆ ಗೊತ್ತು!” ಎಂದು ತಲೆ ಕೆರೆದುಕೊಂಡು ಮಾವನವರ ಪಕ್ಕ ಕೂತರು. ಮಾವನವರು ಚಾಳೀಸು ಏರಿಸಿ ಒಂದೊಂದೇ ಎಳೆ ಕೀಳುತ್ತಿದ್ದರು. ಕಿತ್ತ ಎಳೆಗಳನ್ನು ಜನಿವಾರದಷ್ಟು ಜೋಪಾನವಾಗಿ ಬೆರಳಿಗೆ ಸುತ್ತುತ್ತಿದ್ದರು.

“ಮಾಸ್ತರ, ಈಗ ಹೇಳ್ರಿ, ಇದು ಮುಫತ್ತೋ ಫೀನೋ?”

“ಕೈ ನಡಸ್ರಿ ಸಾಹುಕಾರ, ಬಾಯಿ ಆಮ್ಯಾಲ.”

ಮೇಲಿನ ಚೌಕಗಳು ಬಿಟ್ಟುಕೊಂಡಂತೆ ಒಳಗಿನ ಸೀರೆಗಳು ಹೊರಬಂದವು. ಬಿಸಿಲು ಕಾಣದ್ದರಿಂದ ಒಂದರ ಹಸಿರು ಇನ್ನೂ ಹಸಿರಾಗಿಯೇ ಇತ್ತು. ಅತ್ತೆಯವರು ಅದನ್ನು ಒಮ್ಮೆ ಮುಖಕ್ಕೆ ಒತ್ತಿಕೊಂಡು ಡಾಕ್ಟರಬಾಯಿಯ ಕೈಗೆ ಕೊಟ್ಟರು. ಡಾಕ್ಟರಬಾಯಿ ಅದನ್ನು ಕೂಡಲೇ ಕುದಿಯುವ ನೀರಿಗೆ ಹಾಕಲಿಲ್ಲ. ಮಡಚಿ, ಸ್ವಲ್ಪ ಹೊತ್ತು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಮರುದಿನ ಬೆಳಿಗ್ಗೆ ಅತ್ತೆಯವರು ತಾವಾಗಿಯೇ ನಡೆದು ಒಳಗೆ ಹೋದರು. ಮಲಗಿದ್ದು ತಮ್ಮ ತಾಯಿಯ ಸೀರೆಯ ಗಾದಿಯ ಮೇಲೆ. ಬಿಸಿಲು ಕಟ್ಟೆಯಿಂದ ಇಳಿಯುವಷ್ಟರಲ್ಲಿ ಡಾಕ್ಟರಬಾಯಿ ಹೊರಬಂದು, “ಛಲೋ ಆತ್ರಿ” ಎಂದರು. ಮಾವನವರು ಕೈಮುಗಿದರು. ಔಷಧಕ್ಕೂ ದಾರಕ್ಕೂ ಆದದ್ದನ್ನು ಕೊಟ್ಟೆವು, ಅದರ ಮೇಲೆ ಮಾವನವರು ತಮಗೆ ತೋಚಿದ್ದನ್ನು ಕೊಟ್ಟರು. ಹೊಲ ಮಾರುವ ಮಾತು ಬರಲೇ ಇಲ್ಲ.

ಪಡಸಾಲೆಯ ವಿಚಾರಣೆ ಆಮೇಲೂ ನಡೆಯಿತು. ಮಾವನವರು ಸರಕಾರವನ್ನು ಬಿಡಲಿಲ್ಲ, ಸಾಹುಕಾರರು ರೊಕ್ಕವನ್ನು ಬಿಡಲಿಲ್ಲ. ಆದರೆ ಖರ್ಚಿನ ಮಾತು ಬಂದರೆ ಮಾವನವರು ಒಳಬಾಗಿಲ ಕಡೆ ತಿರುಗಿ, “ಒಳಗ ಕೂತವರು ಏನಂತಾರ?” ಎಂದು ಕೂಗಿ ಕೇಳುತ್ತಿದ್ದರು. ಒಳಗೆ ಅತ್ತೆಯವರು ಕಾಲು ಚಾಚಿ ಬೀಸುಕಲ್ಲಿನ ಮುಂದೆ ಕೂತಿರುತ್ತಿದ್ದರು. ನನ್ನ ಹಿಟ್ಟು ದಪ್ಪ ಎಂದು ಬಯ್ಯುವುದನ್ನು ಮತ್ತೆ ಶುರುಮಾಡಿದ್ದರು.

ಹೊಸ ಸೀರೆಗಳನ್ನು ಟ್ರಂಕಿನ ತಳದಲ್ಲಿಟ್ಟು ಹಬ್ಬಕ್ಕೂ ತೆಗೆಯದ ಹೆಂಗಸು ಅವರು. ಅವರ ಒಂದು ಹೊಸ ಅಭ್ಯಾಸವನ್ನು ಹೇಳಿ ಮುಗಿಸುತ್ತೇನೆ. ಬೈಲಹೊಂಗಲದಿಂದ ಬಂದ ಮೇಲೆ ಟ್ರಂಕು ಬರಿದಾಯಿತು. ಸಾಹುಕಾರರು ಕೊಟ್ಟಿದ್ದ ಆ ಗಂಜಿಯ ಸೀರೆಗಳನ್ನೂ ಸೇರಿಸಿ ಎಲ್ಲವನ್ನೂ ದಿನದ ಬಳಕೆಗೆ ಇಳಿಸಿಬಿಟ್ಟರು. ಹಿತ್ತಲಲ್ಲಿ ಒಣಹಾಕಿದ ಸೀರೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ, ಕಿವಿಯ ಹತ್ತಿರ ಹಿಡಿದು, “ಇನ್ನೂ ಬಿರುಸು ಅದ ತಂಗಿ, ನಾಳೆನೂ ಇದನ್ನs ಉಡ್ತೇನಿ” ಎನ್ನುತ್ತಿದ್ದರು.