ನಿಮ್ಮ ವಿಷಯ ಬೇರೆ

ಡ್ರೆಸ್ಡೆನ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ವಕೀಲರು ಜರ್ಮನಿಯ ದಕ್ಷಿಣದವರು. ಮೆಟ್ಟಿಲಲ್ಲಿ ಎದುರಾದರೆ ಟೋಪಿ ತೆಗೆದು, ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ನನ್ನ ವೀಸಾ ಅರ್ಜಿ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಾಗ ತಾವಾಗಿಯೇ ಕಾಗದ ಬರೆದುಕೊಟ್ಟರು. ಮೇಲಿನ ಮನೆಯ ಸಿರಿಯಾದವನಿಗೂ ಇದೇ ತೊಂದರೆ, ಕಳಿಸಲೇ ಎಂದು ಕೇಳಿದೆ. ಬೇಕರಿಯಲ್ಲಿ ದುಡಿಯುವವನು ಅವನು. ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಬೇಡ. ನಿಮ್ಮ ವಿಷಯ ಬೇರೆ."

ಆ ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು. ಶನಿವಾರ ಸಂತೆಯಲ್ಲಿ ತಮ್ಮ ಪಕ್ಷದ ಛತ್ರಿಯಡಿ ನಿಂತು ಕರಪತ್ರ ಹಂಚುವಾಗ ನನ್ನನ್ನು ಕಂಡರೆ ಕೈಕುಲುಕುತ್ತಿದ್ದರು, ಕರಪತ್ರ ಮಾತ್ರ ಕೊಡುತ್ತಿರಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಚುನಾವಣೆ ಹತ್ತಿರವಾದಾಗ ಒಂದು ಬೆಳಿಗ್ಗೆ ವಕೀಲರು ನಮ್ಮ ಅಂಚೆಡಬ್ಬಿಗೆ 'ಜಾಹೀರಾತು ಬೇಡ' ಎಂಬ ಚೀಟಿ ಅಂಟಿಸುತ್ತಿದ್ದರು. ಅಂಚನ್ನು ಉಗುರಿನಿಂದ ತೀಡಿ, "ಸುಮ್ಮನೆ ಕಸ ಬರುತ್ತೆ," ಎಂದರು. ನಾನು ಥ್ಯಾಂಕ್ಸ್ ಹೇಳಿದೆ.

ಮರುವಾರ ಬೇಕರಿಯವನು ಡಬ್ಬಿಗಳ ಮುಂದೆ ನಿಂತಿದ್ದ. ಕೈಯಲ್ಲಿ ಕರಪತ್ರ. ಮೇಲೆ ವಕೀಲರ ನಗುಮುಖ, ಕೆಳಗೆ ವಿದೇಶಿಯರನ್ನು ವಾಪಸ್ ಕಳಿಸುತ್ತೇವೆಂಬ ಭರವಸೆ. ಅಷ್ಟರಲ್ಲಿ ಅವರೇ ಒಳಬಂದರು. ನನ್ನ ಕಡೆ ತಿರುಗಿ ಟೋಪಿ ತೆಗೆದರು, ಅವನಿಲ್ಲವೇನೋ ಎಂಬಂತೆ ತಮ್ಮ ಮನೆಯ ಬಾಗಿಲು ತೆರೆದು ಒಳಗೆ ಹೋದರು.

"ನಿಮಗೂ ಇದು ಬಂತಾ?" ಅವನು ಕೇಳಿದ.

ಅಷ್ಟರಲ್ಲಾಗಲೇ ನನ್ನ ಅಂಗೈ ನಮ್ಮ ಡಬ್ಬಿಯ ಚೀಟಿಯನ್ನು ಮುಚ್ಚಿತ್ತು.

"ಬಂತು," ಎಂದೆ.