ನನ್ನ ಪರ ಸಾಕ್ಷಿ ನುಡಿದ ಪರದೆ ಪೈಪು

“ಬ್ಯಾಡವ್ವಾ, ಗಾಡಿ ನಿಲ್ಲಸು. ನಾ ಬಸ್ಸಿಗೆ ಹೊಕ್ಕೇನಿ” ಎಂದು ನಮ್ಮ ಮಾವ ಮಹಾಲಿಂಗಪುರದ ದಾರಿಯಲ್ಲಿ ಕಾರಿನಿಂದ ಇಳಿದೇಬಿಟ್ಟರು. ನನಗೆ ಆಗಷ್ಟೇ ಲೈಸೆನ್ಸ್ ಬಂದಿತ್ತು. ನಮ್ಮ ಹಳೆಯ ಕಾರು ಎಡಕ್ಕೇ ಎಳೆಯುತ್ತಿತ್ತು. ನನ್ನ ಕೈಯೇ ಸೊಟ್ಟ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು.

ಸಿಟ್ಟಿನಲ್ಲೇ ಬನಹಟ್ಟಿಯ ಮನೆಗೆ ವಾಪಸ್ ಬಂದೆ. ಕಿಟಕಿಯ ಪರದೆ ಕಿತ್ತು, ಒಂದರೊಳಗೊಂದು ಜಾರುವ ಅದರ ಪೈಪನ್ನು ಕಾರಿನ ಮುಂದಿನ ಎರಡು ಗಾಲಿಗಳ ನಡುವೆ ಹಿಡಿದೆ. ಗಾಲಿಗಳ ಮುಂಭಾಗದಲ್ಲಿ ಸರಿಯಾಗಿ ಕೂರುವಷ್ಟು ಎಳೆದು, ಅಲುಗದಂತೆ ರಬ್ಬರು ಬಿಗಿದೆ. ಅದೇ ಪೈಪನ್ನು ಅದೇ ಎತ್ತರಕ್ಕೆ ಗಾಲಿಗಳ ಹಿಂಭಾಗದಲ್ಲಿ ಹಿಡಿದರೆ ಒಳಗೆ ಹೋಗಲೇ ಇಲ್ಲ! ಅಂದರೆ ಗಾಲಿಗಳ ನಡುವಿನ ಅಂತರ ಮುಂದೆ ಹೆಚ್ಚು, ಹಿಂದೆ ಕಡಿಮೆ.

ಸಂಜೆ ಬಸ್ಸಿಳಿದು ಬಂದ ಮಾವ ಕಾರಿನ ಪಕ್ಕ ನೆಲಕ್ಕೆ ಕೂತರು. ಪೈಪಿನ ಇನ್ನೊಂದು ತುದಿ ತಾವೇ ಹಿಡಿದು ಎರಡೂ ಕಡೆ ಇಟ್ಟು ನೋಡಿದರು. ಆಮೇಲೆ ಓಣಿಗೆಲ್ಲ ಕೇಳುವಂತೆ ಅತ್ತೆಗೆ ಕೂಗಿ ಹೇಳಿದರು: “ಸೊಸಿ ಕೈ ನೆಟ್ಟಗೈತಿ, ಗಾಲಿನ ಸೊಟ್ಟ ಅದಾವು ನೋಡ!” ಮರುದಿನ ಗ್ಯಾರೇಜಿನಲ್ಲಿ ಗಾಲಿ ಸರಿಮಾಡಿಸಿದ ಮೇಲೆ, ನನ್ನ ಪಕ್ಕದ ಸೀಟಿನಲ್ಲೇ ಕೂತು ಮನೆಗೆ ಬಂದರು.

ಈಗ ಪಕ್ಕದ ಮನೆಯ ಸೊಸೆ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಅವಳ ಕಾರು ಗೋಡೆಗೆ ಉಜ್ಜಿತು. ಇನ್ನು ಬೈಗುಳ ಶುರುವಾಯಿತು ಎಂದುಕೊಂಡೆ. ಅವಳ ಮಾವ ನೇರ ನಮ್ಮ ಬಾಗಿಲಿಗೆ ಬಂದು, “ಮೊದಲ ಆ ಪೈಪ್ ಕೊಡವ್ವಾ” ಎಂದರು.